ಬ್ಯಾಂಡಿನವರ ಬೀದಿಗೆ ದಾರಿ

ನಮ್ಮ ಯಜಮಾನರು ಪರಶಿವಯ್ಯನವರಿಗೆ ಈ ಲೋಕದಲ್ಲಿ ಬಾರದ ವಿದ್ಯೆ ಒಂದೇ ಒಂದು: ದಾರಿ ಕೇಳುವುದು. ಬೇರೆ ಊರಾಗಿದ್ದರೆ ಸಣ್ಣ ಕೊರತೆ ಎಂದುಕೊಂಡು ಸುಮ್ಮನಿರಬಹುದಿತ್ತು. ಮಧ್ಯಾಹ್ನದ ಊಟ ಮುಗಿಸಿ ಜನ ಒಂದು ಗಳಿಗೆ ಅಡ್ಡಾದರೆ ಸಾಕು, ಬೀದಿಗಳೆಲ್ಲ ಎದ್ದು ತಮಗೆ ಬೇಕಾದ ಕಡೆ ಹೋಗಿ ಕೂತುಬಿಡುವ ನಮ್ಮ ಊರಿನಲ್ಲಿ ಅದನ್ನು ಕೊರತೆ ಅನ್ನುವುದಿಲ್ಲ, ಸಾಹಸ ಅನ್ನುತ್ತಾರೆ.

ಬೀದಿ ಎದ್ದರೆ ಮನೆ, ಅಂಗಡಿ, ಚರಂಡಿ, ಚರಂಡಿಯ ವಾಸನೆ ಎಲ್ಲವೂ ಜೊತೆಗೇ ಹೋಗುತ್ತವೆ. ಹಾಗಾದರೆ ಕರೆಂಟು, ನೀರು ಹೇಗೆ ಬರುತ್ತದೆ ಎಂದು ಹೊರಗಿನಿಂದ ಬಂದವರು ಬೆರಗಿನಿಂದ ಕೇಳುತ್ತಾರೆ. ನಿಮ್ಮೂರಿನಲ್ಲಿ ಬೀದಿಗಳು ಕದಲದೆ ಇದ್ದರೂ ನೀರು ಬರುವುದಿಲ್ಲವಲ್ಲ, ಅದು ಹೇಗೆ ಎಂದು ನಾವೂ ಅಷ್ಟೇ ಬೆರಗಿನಿಂದ ಕೇಳುತ್ತೇವೆ. ಮಾತು ಅಲ್ಲಿಗೆ ಮುಗಿಯುತ್ತದೆ. ಊರಿನಲ್ಲಿ ಇದ್ದಲ್ಲೇ ಇರುವುದು ಕೆರೆ, ರೈಲ್ವೆ ಸ್ಟೇಷನ್ನು ಮತ್ತು ಗಡಿಯಾರದ ಕಂಬ. ಗಡಿಯಾರದ ಮುಳ್ಳುಗಳೂ ಕಂಬವನ್ನು ನೋಡಿ ಅದೇ ಶಿಸ್ತನ್ನು ಕಲಿತಿವೆ.

ಜನ ಹೊಂದಿಕೊಂಡಿದ್ದಾರೆ. ಗಾಣಿಗರ ಬೀದಿ ಹತ್ತಿರ ಬಂದ ದಿನ ಎಣ್ಣೆ ತುಂಬಿಸಿಕೊಳ್ಳುತ್ತೇವೆ. ಶಾಲೆ ಎದುರಿಗೇ ಬಂದು ನಿಂತರೆ ಮಕ್ಕಳು ಅಳುತ್ತಾ ಹೋಗುತ್ತವೆ, ದೂರ ಹೋದರೆ ಮೇಷ್ಟ್ರುಗಳೂ ಸಂತೋಷಪಡುತ್ತಾರೆ. ಆಸ್ತಿಗಾಗಿ ಕೋರ್ಟು ಹತ್ತಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗಳು ಒಮ್ಮೊಮ್ಮೆ ಎದುರುಬದುರಾಗಿ ನಿಂತುಬಿಡುತ್ತವೆ. ಆಗ ಇಬ್ಬರೂ ಕಿಟಕಿ ಹಾಕಿಕೊಂಡು, ಮಾರನೆಯ ದಿನ ಬೇಗ ಊಟ ಮುಗಿಸಿ ಬೇಗ ಮಲಗುತ್ತಾರೆ. ಇನ್ನು ಎಲ್ಲಿಗಾದರೂ ಹೋಗಬೇಕಾದವರು ನಿದ್ದೆ ಮುಗಿಸಿ, ಮುಖ ತೊಳೆದು, ಹೊರಗೆ ಬಂದು ಕೇಳುತ್ತಾರೆ. ಮಾರಿಗುಡಿ ಮುಂದಿನ ಹೂವಿನವರು, ಕಾಫಿ ಹೋಟೆಲಿನ ಗಲ್ಲಾದಲ್ಲಿ ಕೂತವರು, ಯಾರಾದರೂ ಒಬ್ಬರು ನೋಡಿರುತ್ತಾರೆ, ಹೇಳುತ್ತಾರೆ. ಎಲ್ಲರಿಗೂ ಇದು ಉಸಿರಾಡಿದಷ್ಟು ಸಹಜ.

ಉಸಿರಾಟವೇ ನಮ್ಮ ಕಸುಬು ಕೂಡ. ಮನೆಯಲ್ಲೇ ಮಲಗಿರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಕೊಡುತ್ತೇವೆ. ಒಂದು ತಗಡಿನ ವ್ಯಾನಿದೆ. ಓಡಿಸುವುದು ಯಜಮಾನರು, ಕಿಟಕಿಯಿಂದ ತಲೆ ಹಾಕಿ ದಾರಿ ಕೇಳುವುದು ನಾನು. ನಾನು ಕೇಳುವಷ್ಟು ಹೊತ್ತೂ ಅವರು, ಈ ಹೆಂಗಸು ಯಾರೋ, ನನ್ನ ವ್ಯಾನಿಗೆ ಹೇಗೆ ಹತ್ತಿದಳೋ ಎನ್ನುವ ಮುಖ ಮಾಡಿಕೊಂಡು ಎದುರಿನ ಗಾಜು ಒರೆಸುತ್ತಾರೆ.

ಒಂದು ದಿನ ಹೂವಿನ ತಾಯಮ್ಮ ನನಗೆ ದಾರಿ ಹೇಳಿ ಮುಗಿಸಿ, ವ್ಯಾನಿನೊಳಕ್ಕೆ ಬಗ್ಗಿ ನೋಡಿ, "ಅಲ್ಲ ಕಣವ್ವಾ, ನಿಮ್ಮ ಯಜಮಾನ್ರಿಗೆ ಮಾತು ಬರಲ್ವಾ? ಪಾಪ, ಹುಟ್ಟಿನಿಂದ್ಲೂ ಹಿಂಗೇನಾ?" ಎಂದು ಕೇಳಿಬಿಟ್ಟಳು. ಯಜಮಾನರು ಗಾಜು ಒರೆಸುವುದನ್ನು ನಿಲ್ಲಿಸಿದರು. ಮಾರನೆಯ ಬೆಳಿಗ್ಗೆಯೇ ನಾವು ಪಕ್ಕದ ಪಟ್ಟಣದ ಕಂಪ್ಯೂಟರ್ ಅಂಗಡಿಯಲ್ಲಿದ್ದೆವು.

ಪಕ್ಕದ ಪಟ್ಟಣದಲ್ಲಿ ಬೀದಿಗಳು ಮಲಗಿದಲ್ಲೇ ಮಲಗಿರುತ್ತವೆ. ಅಂಗಡಿಯ ಪಾರಸಮಲ್ಲರು ಒಳ್ಳೆಯ ಮನುಷ್ಯರು. ಯಜಮಾನರು ಆಗಲೇ ಅಲ್ಲಿ ಕೊಂಡಿದ್ದ ಹಳೆಯ ಲ್ಯಾಪ್‌ಟಾಪನ್ನು ಅವರು ಮಗುವಿನ ಹಾಗೆ ಎತ್ತಿ ಮೇಜಿನ ಮೇಲಿಟ್ಟು, ಮೂರು ಡಬ್ಬಿಗಳನ್ನು ತಂದು ಸಾಲಾಗಿ ಜೋಡಿಸಿದರು. ಜಿಪಿಎಸ್ ರಿಸೀವರುಗಳಂತೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಆಕಾಶದ ಉಪಗ್ರಹಗಳು ನಾವಿರುವ ಜಾಗವನ್ನು ಹೇಳುತ್ತವೆ, ಪರದೆಯ ಮೇಲಿನ ನಕ್ಷೆಯಲ್ಲಿ ನಮ್ಮ ವ್ಯಾನು ಒಂದು ಬಾಣವಾಗಿ ಓಡುತ್ತದೆ.

"ಇದು ಪೆನ್ ಡ್ರೈವ್ ತರಾದ್ದು ಸಾರ್," ಎಂದು ಪಾರಸಮಲ್ಲರು ಮೊದಲನೆಯದನ್ನು ಎತ್ತಿದರು. "ಸೀದಾ ಚುಚ್ಚೋದು, ಹೋಗ್ತಾ ಇರೋದು. ವೈರಿಲ್ಲ, ರಗಳೆ ಇಲ್ಲ."

"ಇದಕ್ಕೆ ಆಕಾಶ ಕಾಣಬೇಕಲ್ವಾ?" ಎಂದರು ಯಜಮಾನರು. ಇಡೀ ರಾತ್ರಿ ಓದಿಕೊಂಡು ಬಂದಿದ್ದರು.

"ಕಾಣಬೇಕು ಸಾರ್. ಗಾಜಿನ ಹತ್ರ ಇಟ್ಕೊಂಡ್ರೆ ಸಾಕು."

"ಗಾಜಿನ ಹತ್ರ ಹೇಗಿಡೋದು? ನಮ್ಮದು ತಗಡಿನ ವ್ಯಾನು. ಲ್ಯಾಪ್‌ಟಾಪು ಇವಳ ತೊಡೆ ಮೇಲೆ ಇರುತ್ತೆ. ನಾನು ಗೇರ್ ಹಾಕುವಾಗ ಮೊಣಕೈ ತಾಗಿದರೆ ಈ ಬಾಲ ಮುರಿದೇ ಹೋಗುತ್ತೆ."

ನನ್ನ ತೊಡೆಗೆ ಹೊಸ ಉದ್ಯೋಗ ಸಿಕ್ಕಿರುವ ವಿಷಯ ನನಗೆ ತಿಳಿದದ್ದು ಹೀಗೆ.

ಎರಡನೆಯದಕ್ಕೆ ವೈರೂ ಇಲ್ಲ, ಚುಚ್ಚುವುದೂ ಇಲ್ಲ, ಗಾಳಿಯಲ್ಲೇ ಮಾತಾಡುತ್ತದೆ ಎಂದರು ಪಾರಸಮಲ್ಲರು. "ಆದ್ರೆ ದಿನಾ ಚಾರ್ಜ್ ಮಾಡ್ಬೇಕು ಸಾರ್."

"ಮರೆತರೆ?"

ಪಾರಸಮಲ್ಲರು ನನ್ನ ಕಡೆ ನೋಡಿದರು. "ಮೇಡಂ ಇದ್ದಾರಲ್ಲ."

"ಮೇಡಂಗೂ ಚಾರ್ಜು ಮುಗಿಯುತ್ತೆ," ಎಂದೆ. ಅದು ಪಕ್ಕಕ್ಕೆ ಸರಿಯಿತು.

ಮೂರನೆಯದು ಚಪ್ಪಟೆಯಾಗಿ, ಕಪ್ಪಗೆ, ಸೀದುಹೋದ ಇಡ್ಲಿಯ ಹಾಗಿತ್ತು. ಕೆಳಗೆ ಆಯಸ್ಕಾಂತ, ಹಿಂದೆ ಉದ್ದನೆಯ ವೈರು. "ವ್ಯಾನಿನ ನೆತ್ತಿ ಮೇಲೆ ಇಟ್ರೆ ಕಚ್ಕೊಳ್ಳುತ್ತೆ ಸಾರ್, ಗುಂಡಿ ಹಾರಿಸಿದ್ರೂ ಬೀಳಲ್ಲ. ವೈರನ್ನ ಕಿಟಕಿಯಿಂದ ಒಳಗೆ ತಗೊಂಡು ಚುಚ್ಚಿ. ಮಳೆ ನೀರು ಒಳಗೆ ಹೋಗಲ್ಲ. ಒಟ್ಟಿಗೆ ಹನ್ನೆರಡು ಉಪಗ್ರಹದ ಮಾತು ಕೇಳಿಸ್ಕೊಳ್ಳುತ್ತೆ."

ಯಜಮಾನರ ಕಣ್ಣು ಹೊಳೆಯಿತು. ಒಬ್ಬಳು ಹೂವಿನ ತಾಯಮ್ಮನನ್ನು ಕೇಳಲು ನಾಚುವ ಮನುಷ್ಯ, ಮುಖಪರಿಚಯವೂ ಇಲ್ಲದ ಹನ್ನೆರಡು ಉಪಗ್ರಹಗಳನ್ನು ಒಟ್ಟಿಗೆ ಕೇಳಲು ತಯಾರಾಗಿ ನಿಂತಿದ್ದರು. ಆದರೂ ಸುಮ್ಮನೆ ಕೊಳ್ಳಲಿಲ್ಲ. ವೈರು ಎಷ್ಟು ಉದ್ದ, ನಮ್ಮ ಕಿಟಕಿಯಿಂದ ನನ್ನ ತೊಡೆಯವರೆಗೆ ಬರುತ್ತದೆಯೇ, ವ್ಯಾನು ಚಾಲೂ ಮಾಡಿದ ಮೇಲೆ ಜಾಗ ಹಿಡಿಯಲು ಎಷ್ಟು ಹೊತ್ತು ಬೇಕು, ಲ್ಯಾಪ್‌ಟಾಪಿನ ಬ್ಯಾಟರಿ ದಾರಿಯಲ್ಲಿ ಸತ್ತರೆ ವ್ಯಾನಿನಿಂದಲೇ ಕರೆಂಟು ಕೊಡಬಹುದೇ ಎಂದೆಲ್ಲ ಕೇಳಿದರು. ಹೆಣ್ಣು ನೋಡಲು ಬಂದಾಗ ಇವರು ನಮ್ಮ ಅಪ್ಪನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ.

"ನಕ್ಷೆ ಎಲ್ಲಿಂದ ಬರುತ್ತೆ?" ಎಂದು ನಾನು ಕೇಳಿದೆ.

"ಸಿ.ಡಿ.ಯಲ್ಲಿದೆ ಮೇಡಂ. ಎಲ್ಲಾ ಊರೂ ಇದೆ. ನಿಮ್ಮೂರೂ ಇದೆ."

"ನಮ್ಮೂರು ಯಾವತ್ತಿಂದು?"

ಪಾರಸಮಲ್ಲರಿಗೆ ಅರ್ಥವಾಗಲಿಲ್ಲ. ಯಜಮಾನರಿಗೆ ಅರ್ಥವಾಯಿತು. ಅದಕ್ಕೇ, "ನೀನು ಸುಮ್ನಿರೇ, ಮಂಗಳಾ," ಎಂದರು. ನನ್ನ ಪೂರ್ತಿ ಹೆಸರು ಸರ್ವಮಂಗಳ. ಸಿಟ್ಟು ಬಂದಾಗ ಮಾತ್ರ ಅದು ಗಿಡ್ಡವಾಗುತ್ತದೆ.

ವಾಪಸು ಬರುವಾಗ ಹೆದ್ದಾರಿಯಲ್ಲಿ ಆ ಕಪ್ಪು ಇಡ್ಲಿ ಮಾಡಿದ ಚಮತ್ಕಾರ ಏನು ಹೇಳಲಿ! ಲ್ಯಾಪ್‌ಟಾಪಿನೊಳಗೆ ಒಬ್ಬ ಹೆಂಗಸು ಕೂತಿದ್ದಳು. ಮುಂದೆ ಸೇತುವೆ ಬರುತ್ತದೆ ಎಂದಳು, ಬಂತು. ಬಲಕ್ಕೆ ಪೆಟ್ರೋಲ್ ಬಂಕು ಎಂದಳು, ಇತ್ತು. ಪ್ರತಿ ಸಲವೂ ಯಜಮಾನರು ಸೇತುವೆಯನ್ನೂ ಬಂಕನ್ನೂ ತಾವೇ ಕಟ್ಟಿಸಿದವರಂತೆ ನನ್ನ ಕಡೆ ತಿರುಗಿ ನೋಡಿದರು. ಇಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಹೇಳಿದ ಒಂದು ಮಾತನ್ನೂ ಕೇಳದವರು ಆ ಹೆಂಗಸು 'ನಿಧಾನ' ಎಂದರೆ ನಿಧಾನ ಮಾಡಿದರು.

ಊರೊಳಕ್ಕೆ ಬಂದೆವು. ಜನ ಆಗಷ್ಟೇ ನಿದ್ದೆ ಮುಗಿಸಿ ಎದ್ದಿದ್ದರು. "ಎಡಕ್ಕೆ ತಿರುಗಿ, ಗಾಣಿಗರ ಬೀದಿ," ಎಂದಳು ಅವಳು. ಎಡಕ್ಕೆ ಕೆರೆ ಇತ್ತು. "ಎಡಕ್ಕೆ ತಿರುಗಿ," ಎಂದು ಮತ್ತೆ ಹೇಳಿದಳು. ಯಜಮಾನರು ಕೆರೆಯನ್ನೂ ನೋಡಿದರು, ಪರದೆಯನ್ನೂ ನೋಡಿದರು. ಕೊನೆಗೆ ತೀರ್ಪು ಕೊಟ್ಟರು: "ನಕ್ಷೆ ಸರಿಯಾಗೇ ಇದೆ. ಊರೇ ತಪ್ಪಾಗಿದೆ."

ತಪ್ಪಾದ ಆ ಊರಿನಲ್ಲಿ ಅವರು ಅದನ್ನು ಹಿಡಿದುಕೊಂಡೇ ಓಡಾಡಿದರು. ನಾನು ತೊಡೆಯ ಮೇಲೆ ಬಿಸಿ ಲ್ಯಾಪ್‌ಟಾಪು ಇಟ್ಟುಕೊಂಡು, ಅವರು ಪೆಟ್ರೋಲ್ ಹಾಕಿಸಲು ಇಳಿದಾಗ ಗುಟ್ಟಾಗಿ ದಾರಿ ಕೇಳಿಕೊಂಡು, ಆಮೇಲೆ ಬಾಣ ನೋಡಿ ಹೇಳುವವಳಂತೆ "ಬಲಕ್ಕೆ ಅಂತಿದೆ ನೋಡಿ" ಎನ್ನುತ್ತಿದ್ದೆ. ಸಿಲಿಂಡರುಗಳು ಹೊತ್ತಿಗೆ ಸರಿಯಾಗಿ ತಲುಪಿದವು. ಯಂತ್ರಕ್ಕೆ ಒಳ್ಳೆಯ ಹೆಸರು ಬಂತು.

ಹೀಗೇ ನಡೆಯುತ್ತಿತ್ತೇನೋ, ಬ್ಯಾಂಡಿನವರ ಬೀದಿ ಅಷ್ಟು ದೂರ ಹೋಗದೆ ಇದ್ದಿದ್ದರೆ.

ಬ್ಯಾಂಡಿನವರ ಬೀದಿ ಎಂದರೆ ಮದುವೆ ಮೆರವಣಿಗೆಗಳಲ್ಲಿ ವಾದ್ಯ ನುಡಿಸುವವರ ಬೀದಿ. ಅಲ್ಲಿ ನಮ್ಮ ಹಳೆಯ ಗಿರಾಕಿ ಆರೋಗ್ಯಸ್ವಾಮಿಗಳ ಮನೆ. ಊರಿನ ಅರ್ಧದಷ್ಟು ಮದುಮಕ್ಕಳನ್ನು ಕ್ಲಾರಿನೆಟ್ ಊದಿ ಛತ್ರ ಮುಟ್ಟಿಸಿದ ಬ್ಯಾಂಡ್ ಮಾಸ್ಟರು. ಊದೂದಿ ಎದೆಯಲ್ಲಿ ಏನೂ ಉಳಿದಿರಲಿಲ್ಲ. ಮೂಗಿಗೆ ನಳಿಕೆ ಹಾಕಿಕೊಂಡು ಸಿಲಿಂಡರಿನ ಪಕ್ಕ ಕೂತಿರುತ್ತಿದ್ದರು. ಹೆಸರಿಟ್ಟವರಿಗೆ ಮುಂದಾಗುವುದು ಗೊತ್ತಿದ್ದು ತಮಾಷೆ ಮಾಡಿದರೋ, ಗೊತ್ತಿಲ್ಲದೆ ಹರಸಿದರೋ, ಕೇಳೋಣವೆಂದರೆ ಅವರ‍್ಯಾರೂ ಈಗ ಇಲ್ಲ. ಮಗಳು ಫಿಲೋಮಿನಾ ಮನೆಯಲ್ಲೇ ಹೊಲಿಗೆ ಹಾಕಿಕೊಂಡು ಅವರನ್ನು ನೋಡಿಕೊಳ್ಳುತ್ತಿದ್ದಳು.

ಆ ದಿನ ನಿದ್ದೆಯ ಹೊತ್ತು ಕಳೆಯುತ್ತಿದ್ದಂತೆ ಅವಳ ಫೋನು ಬಂತು. "ಆಂಟಿ, ಅಪ್ಪಂಗೆ ಬೆಳಿಗ್ಗೆಯಿಂದ ಉಸಿರು ಜಾಸ್ತಿ ಎಳೀತಾ ಇದೆ. ಜೋರಾಗಿ ಬಿಟ್ಟಿದ್ದಕ್ಕೆ ಇನ್ನೊಂದು ಸಿಲಿಂಡರೂ ಮುಗೀತಾ ಬಂತು. ಮುಳ್ಳು ಕೆಂಪಿಗೆ ಬಂದಿದೆ. ಬೇಗ ಬನ್ನಿ."

"ಎಲ್ಲಿದ್ದೀರಮ್ಮ ಈಗ?"

"ಗೊತ್ತಾಗ್ತಿಲ್ಲ ಆಂಟಿ. ಕಿಟಕಿ ಆಚೆ ಬರೀ ಜಾಲಿ ಗಿಡ ಕಾಣ್ತಿದೆ. ಬೇರೆ ಬೀದಿನೇ ಕಾಣ್ತಿಲ್ಲ. ಅಕ್ಕಪಕ್ಕದವರಿಗೂ ಗೊತ್ತಿಲ್ಲ."

ವ್ಯಾನು ಹತ್ತಿದೆವು. ನಾನು "ಮಾರಿಗುಡಿ ಹತ್ರ ನಿಲ್ಸಿ, ಕೇಳೋಣ" ಎಂದೆ. ಯಜಮಾನರು ಆಗಲೇ ಪರದೆಯ ಮೇಲೆ ಬ್ಯಾಂಡಿನವರ ಬೀದಿಯನ್ನು ಒತ್ತಿದ್ದರು. "ಕೇಳ್ತಾ ಕೂರೋಕೆ ಹೊತ್ತಿಲ್ಲ ಕಣೇ," ಎಂದು ಗೇರು ಹಾಕಿದರು. ಆ ಹೆಂಗಸು ಬಲಕ್ಕೆ ಎಂದಳು, ಎಡಕ್ಕೆ ಎಂದಳು, ಒಂದು ಕಡೆ ದನದ ಕೊಟ್ಟಿಗೆಯನ್ನು ಹಾದುಹೋಗಲು ಹೇಳಿದಳು. ನಾವು ಸುತ್ತಿ ಬಳಸಿ ಅವಳು ಹೇಳಿದ ಜಾಗಕ್ಕೆ ಹೋದೆವು. ಒಂದು ಹೊಂಡ, ಹೊಂಡದಲ್ಲಿ ಕೊರಳುದ್ದ ಮುಳುಗಿದ ಎಮ್ಮೆಗಳು. "ನೀವು ಸೇರಬೇಕಾದ ಜಾಗ ಸೇರಿದ್ದೀರಿ," ಎಂದಳು ಅವಳು, ಸಂತೃಪ್ತಳಾಗಿ.

ಯಜಮಾನರು ಸ್ಟೀರಿಂಗ್ ಹಿಡಿದು ಹಾಗೇ ಕೂತರು. ಎಮ್ಮೆಗಳು ನಮ್ಮನ್ನು ನೋಡಿದವು. ನಾನು ಲ್ಯಾಪ್‌ಟಾಪನ್ನು ಸೀಟಿನ ಮೇಲೆ ಎತ್ತಿಹಾಕಿ ಇಳಿದು ಓಡಿದೆ. ಎಮ್ಮೆ ಕಾಯುವ ಮುದುಕನನ್ನು ಕೇಳಿದೆ, ಸೈಕಲ್ಲಿನವನನ್ನು ಕೇಳಿದೆ, ಬಟ್ಟೆ ಒಗೆಯುವವರನ್ನು ಕೇಳಿದೆ. ಅವತ್ತು ಯಾರೂ ನೋಡಿರಲಿಲ್ಲ. ಆ ಬೀದಿ ಜನ ಇರುವ ಕಡೆಯನ್ನೆಲ್ಲ ಬಿಟ್ಟು ಎಲ್ಲಿಗೋ ಹೋಗಿಬಿಟ್ಟಿತ್ತು. ನಾನು ಅಷ್ಟು ನಂಬಿದ್ದ ಬಾಯಿಗಳೂ ಮುಚ್ಚಿದ್ದವು.

ಮೊಬೈಲು ಮತ್ತೆ ಹೊಡೆದುಕೊಂಡಿತು. "ಆಂಟಿ, ತುಟಿ ನೀಲಿ ಆಗ್ತಿದೆ," ಎಂದಳು ಫಿಲೋಮಿನಾ. ಅಳುತ್ತಿರಲಿಲ್ಲ, ಅದರಿಂದಲೇ ಹೆಚ್ಚು ಹೆದರಿಕೆಯಾಯಿತು.

ಯಜಮಾನರು ವ್ಯಾನಿನಿಂದ ಇಳಿದು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡರು. "ಅಮ್ಮಾ, ನಿಮ್ಮ ಬೀದೀಲಿ ವಾದ್ಯ ಇಲ್ಲದ ಮನೆ ಇದೆಯಾ? ಎಲ್ಲಾರನ್ನೂ ಹೊರಗೆ ಕರಿ. ಇರೋ ಬರೋದನ್ನೆಲ್ಲ ಬಾರಿಸೋಕೆ ಹೇಳು. ದೊಡ್ಡ ಡ್ರಮ್ಮು ಮೊದಲು. ನಿಲ್ಲಿಸಬೇಡಿ ಅನ್ನು."

ನಾವು ವ್ಯಾನಿನ ಕಿಟಕಿಗಳನ್ನೆಲ್ಲ ಇಳಿಸಿ, ಎಂಜಿನ್ನು ನಿಲ್ಲಿಸಿ ಕಿವಿಗೊಟ್ಟೆವು. ಏನೂ ಇಲ್ಲ. ಸ್ವಲ್ಪ ಮುಂದೆ ಹೋಗಿ ಮತ್ತೆ ನಿಲ್ಲಿಸಿದೆವು. ಎಮ್ಮೆ ಉಸಿರು ಬಿಟ್ಟ ಸದ್ದು, ಅಷ್ಟೇ. ರೈಲ್ವೆ ಹಳಿಯ ಆಚೆ ದಿಬ್ಬ ಹತ್ತಿದಾಗ, ಹೊಟ್ಟೆಯೊಳಗೆ ಬಡಿದ ಹಾಗೆ ಧಮ್ ಎಂದಿತು. ಮತ್ತೆ ಧಮ್. ಆಮೇಲೆ ಟ್ರಂಪೆಟ್ಟು, ಅದರ ಹಿಂದೆ ತಾಳ. ಯಜಮಾನರು ಹೊಲದೊಳಗೇ ವ್ಯಾನು ನುಗ್ಗಿಸಿದರು. ಸೀಟಿನ ಮೇಲಿದ್ದ ಆ ಹೆಂಗಸು "ತಿರುಗಿ ಹೋಗಿ, ತಿರುಗಿ ಹೋಗಿ" ಎಂದು ಬಡಕೊಳ್ಳುತ್ತಿದ್ದಳು. ನಾನು ಅವಳ ಮುಚ್ಚಳ ಮುಚ್ಚಿದೆ.

ಜಾಲಿ ಗಿಡಗಳ ನಡುವೆ ಬ್ಯಾಂಡಿನವರ ಬೀದಿ ಒಂಟಿಯಾಗಿ ಕೂತಿತ್ತು. ಲುಂಗಿ ಉಟ್ಟವರು, ಅರ್ಧ ಶೇವು ಮಾಡಿಕೊಂಡವರು, ಎಲ್ಲರೂ ಬೀದಿಯ ನಡುವೆ ನಿಂತು, ಮದುಮಗನೇ ಇಲ್ಲದ ಮದುವೆಗೆ ಬಾರಿಸುತ್ತಿದ್ದರು. ಯಜಮಾನರು ಸಿಲಿಂಡರನ್ನು ಉರುಳಿಸಿಕೊಂಡು ಒಳಗೆ ಓಡಿದರು. ಅವರು ಸಿಲಿಂಡರಿನ ಬಾಯಿಗೆ ಕೀಲಿ ಹಾಕಿದರು, ತಿರುಗಿಸಲು ನಾನೂ ಮೇಲೆ ಕೈಯಿಟ್ಟೆ. ಆಕ್ಸಿಜನ್ ಹಾದುಹೋಗುವ ಬಾಟಲಿಯ ನೀರಿನಲ್ಲಿ ಗುಳ್ಳೆ ಎದ್ದವು. ನಾವು ಮೂವರೂ ಆ ಗುಳ್ಳೆಗಳನ್ನೂ ಮಾಸ್ಟರ ತುಟಿಯನ್ನೂ ನೋಡುತ್ತಾ ನಿಂತೆವು. ಎಷ್ಟೋ ಹೊತ್ತಿನ ಮೇಲೆ ತುಟಿಗೆ ತುಟಿಯ ಬಣ್ಣ ಬಂತು. ಮಾಸ್ಟರು ಕಣ್ಣು ಬಿಟ್ಟು, ಬಾಗಿಲ ಕಡೆ ಬೆರಳು ತೋರಿಸಿ, ಒಂದೊಂದೇ ಮಾತು ಹೊರಗೆ ಹಾಕಿದರು. "ಆ ಟ್ರಂಪೆಟ್ಟು... ಸ್ವರ... ಇಳಿದಿದೆ. ನಿಲ್ಲಿಸೋಕೆ ಹೇಳು."

ವಾಪಸು ಬಂದೆವು. ಯಜಮಾನರು ಮನೆಯ ಮುಂದೆ ವ್ಯಾನು ನಿಲ್ಲಿಸಿ, ನೆತ್ತಿಯ ಮೇಲಿನ ರಿಸೀವರನ್ನು ಕಿತ್ತು, ವೈರು ಸುತ್ತಿ, ಮೊಳೆ ಸುತ್ತಿಗೆ ಇಡುವ ಡಬ್ಬಕ್ಕೆ ಹಾಕಿದರು. ನಾನು ವಾರದಿಂದ ಕೂಡಿಟ್ಟುಕೊಂಡಿದ್ದ ಕೊಂಕು ಮಾತುಗಳು ಬೇಕಾದಷ್ಟಿದ್ದವು. ಒಂದನ್ನೂ ಆಡಲಾಗಲಿಲ್ಲ. ಊಟಕ್ಕೆ ಕೂತರೆ ಅನ್ನ ಕಲಸುತ್ತಾ ಕಲಸುತ್ತಾ ಹಾಗೇ ಬಿಡುತ್ತಿದ್ದರು. ಬೈದು ಬೈದು ಅಭ್ಯಾಸವಾದ ಮನುಷ್ಯ ಸುಮ್ಮನಾದರೆ ಮನೆಯೊಳಗೆ ಎಷ್ಟು ಜಾಗ ಖಾಲಿ ಕಾಣುತ್ತದೆ ಎಂದು ಆಗ ತಿಳಿಯಿತು.

ಒಂದು ದಿನ ಸಾರು ಬಡಿಸುತ್ತಿದ್ದೆ. ಅವರು ಥಟ್ಟನೆ ತಲೆಯೆತ್ತಿ, "ಸರ್ವಮಂಗಳಾ, ಆ ಡಬ್ಬಿ ಏನು ಹೇಳುತ್ತೆ?" ಎಂದರು.

"ಎಮ್ಮೆ ಹೊಂಡಕ್ಕೆ ಹೋಗಿ ಅನ್ನುತ್ತೆ."

"ಅದು ಡಬ್ಬಿ ಅಲ್ಲ ಕಣೇ, ನಕ್ಷೆ ಹೇಳೋದು. ಡಬ್ಬಿ ಹೇಳೋದು ತಾನೆಲ್ಲಿದ್ದೀನಿ ಅಂತ, ಅಷ್ಟೇ. ಅದರಲ್ಲಿ ಸುಳ್ಳಿಲ್ಲ. ನಾವು ಅದನ್ನ ತಗೊಂಡು ಹೋಗಿ ವ್ಯಾನಿನ ಮೇಲೆ ಅಂಟಿಸಿದ್ವಿ. ವ್ಯಾನೆಲ್ಲಿದೆ ಅಂತ ನಮಗೆ ಗೊತ್ತಿಲ್ವಾ? ಅದರೊಳಗೇ ಕೂತಿರ್ತೀವಿ. ಕಳೆದುಹೋಗೋದು ಮಾಸ್ಟ್ರ ಮನೆ."

ಚುಚ್ಚಲು ಏನಾದರೂ ಸಿಗುತ್ತದೆಯೇ ಎಂದು ಮನಸ್ಸನ್ನೆಲ್ಲ ತಡಕಾಡಿದೆ. ಸಿಗಲಿಲ್ಲ. ಇನ್ನೊಂದು ಸೌಟು ಸಾರು ಹಾಕಿದೆ. ನಮ್ಮ ಮನೆಯಲ್ಲಿ ಹೊಗಳಿಕೆ ಎಂದರೆ ಅಷ್ಟೇ.

ಮಾರನೆಯ ದಿನ ಕೆರೆ ಏರಿ, ಸ್ಟೇಷನ್ನು, ಗಡಿಯಾರದ ಕಂಬ, ಮೂರು ಕಡೆಗೂ ರಿಸೀವರು ಹಿಡಿದುಕೊಂಡು ಹೋದೆವು. ಪರದೆಯ ಮೂಲೆಯಲ್ಲಿ ಬರುವ ಅಂಕಿಗಳನ್ನು ಯಜಮಾನರು ವ್ಯಾನಿನ ಬಾಗಿಲ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಗೆರೆ ಎಳೆದು, ಚೌಕ ಹಾಕಿದರು. ಆಮೇಲೆ ಎಲ್ಲವನ್ನೂ ಮಾಸ್ಟರ ಮನೆಗೆ ಒಯ್ದರು. ಜಗಲಿಯ ತಗಡಿಗೆ ರಿಸೀವರು ಕಚ್ಚಿಕೊಂಡಿತು, ವೈರು ಕಿಟಕಿಯಿಂದ ಒಳಗೆ ಬಂತು, ಲ್ಯಾಪ್‌ಟಾಪು ಕಿಟಕಿಯ ಕಟ್ಟೆಯ ಮೇಲೆ ಮೇರಿ ಮಾತೆಯ ಪಟದ ಪಕ್ಕ ಕೂತಿತು. ನಕ್ಷೆಯನ್ನೂ ಆ ಹೆಂಗಸನ್ನೂ ತೆಗೆದುಹಾಕಿದ್ದರು. ನನಗೇನೂ ಬೇಸರವಾಗಲಿಲ್ಲ.

"ದಿನಾ ನಿದ್ದೆ ಆದ್ಮೇಲೆ ಫೋನ್ ಮಾಡ್ತೀನಿ ಮಾಸ್ಟ್ರೇ," ಎಂದರು ಯಜಮಾನರು. "ಇಲ್ಲಿ ಬರೋ ಅಂಕಿ ಓದಿ. ನಾನು ಬಾಗಿಲ ಮೇಲೆ ಗುರುತು ಹಾಕ್ಕೊಂಡು ಬಂದ್ಬಿಡ್ತೀನಿ."

"ಓದ್ತೀನಿ," ಎಂದರು ಮಾಸ್ಟರು. "ತಾಳಕ್ಕೆ ಸರಿಯಾಗಿ ಓದಲಾ?"

ಹೀಗೆ ನಮ್ಮ ಯಜಮಾನರು, ಯಾರನ್ನೂ ದಾರಿ ಕೇಳಬಾರದೆಂದು ಕೊಂಡುತಂದ ಯಂತ್ರದಿಂದ, ದಿನಾ ಫೋನು ಹಿಡಿದು "ಎಲ್ಲಿದ್ದೀರಿ?" ಎಂದು ಕೇಳುವವರಾದರು. ಮೊದಮೊದಲು ಅಂಕಿ ಮಾತ್ರ ಕೇಳುತ್ತಿದ್ದರು. ಆಮೇಲೆ ಉಸಿರು ಹೇಗಿದೆ, ಏನು ತಿಂದಿರಿ ಎಂದು ಕೇಳಿದರು. ಆಮೇಲಾಮೇಲೆ ಅಂಕಿ ಓದಿ ಮುಗಿದ ಎಷ್ಟೋ ಹೊತ್ತಿನವರೆಗೆ ಇವರು "ಆಮೇಲೆ?" "ಆಮೇಲೆ?" ಎನ್ನುತ್ತಾ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಉಸಿರಿಲ್ಲದವರಿಗೂ ಮಾತು ಬಾರದವರಿಗೂ ಹೇಳಲು ಅಷ್ಟೊಂದು ಏನಿರುತ್ತದೋ ನನಗಂತೂ ಗೊತ್ತಿಲ್ಲ. ಮಾಸ್ಟರ ಸಿಲಿಂಡರು ಮಾತ್ರ ಮತ್ತೆಂದೂ ಕೆಂಪು ಮುಟ್ಟಲಿಲ್ಲ.

ಸುದ್ದಿ ಹಬ್ಬಿತು. ನಮ್ಮ ವಾರ್ಡಿನ ಕೌನ್ಸಿಲರು ಜರಿ ಶಲ್ಯ ಹೊದ್ದು ಬಂದರು. ಪ್ರಜೆಗಳ ಸೇವೆಗೆ ತಮಗೂ ಒಂದು ರಿಸೀವರು ಬೇಕೆಂದರು. ಯಜಮಾನರು ಸಂತೋಷದಿಂದ ವಿವರಿಸಿದರು: ಅದನ್ನು ಕೌನ್ಸಿಲರ ಮನೆಯ ಮೇಲೆ ಅಂಟಿಸಬೇಕು; ಆಮೇಲೆ ಯಾರು ಫೋನು ಮಾಡಿದರೂ ಸಾಹೇಬರ ಮನೆ ಎಲ್ಲಿದೆ ಎಂದು ಕರಾರುವಾಕ್ಕಾಗಿ ಗೊತ್ತಾಗುತ್ತದೆ, ಸೀದಾ ಬಂದು ಬಾಗಿಲು ಬಡಿಯಬಹುದು. ಕೌನ್ಸಿಲರಿಗೆ ಆಗ ಏನೋ ತುರ್ತು ಕೆಲಸ ನೆನಪಾಗಿ, ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಒಂದು ಮಧ್ಯಾಹ್ನ ನಿದ್ದೆ ಮುಗಿದ ಮೇಲೆ ಯಜಮಾನರು ಎಂದಿನಂತೆ ಫೋನು ಮಾಡಿ, ಹಿತ್ತಿಲಲ್ಲಿ ನಿಲ್ಲಿಸಿದ್ದ ವ್ಯಾನಿನ ಬಾಗಿಲ ಮೇಲೆ ಗುರುತು ಹಾಕಲು ಹೋದರು. ಅವರ ಗಂಟಲು ಏರಿತು. "ಮಾಸ್ಟ್ರೇ, ತಪ್ಪು ಓದಿದ್ದೀರಿ. ಇನ್ನೊಂದ್ಸಲ ಓದಿ... ಅದು ಹೇಗೆ ಸಾಧ್ಯ? ಕನ್ನಡಕ ಹಾಕ್ಕೊಂಡಿದ್ದೀರಾ?... ಅಲ್ರೀ, ಈ ಅಂಕಿ ಪ್ರಕಾರ ನೀವು ನಮ್ಮ ಮನೇಲೇ ಇದ್ದೀರಿ!"

ನಾನು ಹಪ್ಪಳ ಒಣಹಾಕಲು ಮುಂಬಾಗಿಲು ತೆಗೆದೆ. ನಮ್ಮ ಜಗಲಿಯ ಎದುರಿಗೇ, ನಡುವೆ ಒಂದು ಬಂಡಿ ಹೋಗುವಷ್ಟು ಜಾಗ ಬಿಟ್ಟು, ಬ್ಯಾಂಡಿನವರ ಬೀದಿ ಬಂದು ಕೂತಿತ್ತು. ಎದುರು ಕಿಟಕಿಯಲ್ಲಿ ಮೂಗಿನ ನಳಿಕೆ ಸಮೇತ ಆರೋಗ್ಯಸ್ವಾಮಿಗಳು ಫೋನು ಕಿವಿಗಿಟ್ಟುಕೊಂಡು, "ನಂಗೇನು... ಕಣ್ಣು ಕಾಣಲ್ವಾ?" ಎಂದು ಜಗಳವಾಡುತ್ತಿದ್ದರು. ನನ್ನನ್ನು ಕಂಡವರೇ ಬಾಯಿ ಮುಚ್ಚಿದರು. ಹಿತ್ತಿಲಿನಿಂದ ಯಜಮಾನರು ಇನ್ನೂ "ಹಲೋ? ಹಲೋ?" ಎನ್ನುತ್ತಲೇ ಇದ್ದರು. ಕೈಹಿಡಿದು ಕರೆತಂದು ತೋರಿಸಿದೆ. ಅವರು ಒಂದು ಕ್ಷಣ ನಿಂತು ನೋಡಿ, ನನ್ನ ಕಡೆ ತಿರುಗಿ, "ನೋಡಿದ್ಯಾ, ಎಷ್ಟು ಕರೆಕ್ಟಾಗಿ ತೋರಿಸಿತು!" ಎಂದರು.

ಮಾರನೆಯ ದಿನ ಮಧ್ಯಾಹ್ನ ಅವರಿಬ್ಬರೂ ನಮ್ಮಲ್ಲೇ ಊಟಕ್ಕೆ ಬರಬೇಕೆಂದು ಒಪ್ಪಿಸಿದೆವು.

ಮಾಸ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಅಷ್ಟು ದೂರ ಬರಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಅಷ್ಟರಲ್ಲಿ ನಾನು ಪಲ್ಯಕ್ಕೆ ಒಗ್ಗರಣೆ ಹಾಕಿ ಇಳಿಸಿದ್ದೆ. ಫಿಲೋಮಿನಾ ಮನೆಗೆ ಬೀಗ ಹಾಕಿ, ಸಣ್ಣ ಸಿಲಿಂಡರನ್ನು ಎಳೆದುಕೊಂಡು ಹಿಂದೆ ಬಂದಳು. ಒಬ್ಬರ ಮನೆಗೆ ತಾವಾಗಿಯೇ ನಡೆದು ಹೋಗಿ ಎಷ್ಟು ಕಾಲವಾಯಿತೋ ಎಂದು ಮಾಸ್ಟರು ನಮ್ಮ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಚೆನ್ನಾಗಿ ಉಂಡರು. ಉಂಡಮೇಲೆ ಹಳೆಯ ಮದುವೆಯೊಂದರ ಕಥೆ ಶುರುಮಾಡಿದರು. ಮೆರವಣಿಗೆ ಹೊರಡುವುದು ತಡವಾಗಿ, ಹೆಣ್ಣಿನ ಮನೆಯವರು ನಿದ್ದೆ ಹೋಗಿ, ಬೀದಿ ಎದ್ದು ಹೋದದ್ದು, ಕುದುರೆಯ ಮೇಲೆ ಮದುಮಗ, ಅವನ ಮುಂದೆ ಬ್ಯಾಂಡು, ಊರೆಲ್ಲ ಹೆಣ್ಣನ್ನು ಹುಡುಕುತ್ತಾ ಅಲೆದದ್ದು. ಒಂದೊಂದು ವಾಕ್ಯದ ನಡುವೆಯೂ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಿದ್ದರು. ಯಜಮಾನರು ಅಲ್ಲೆಲ್ಲ ಮುಂಗಡವಾಗಿ ನಗುತ್ತಿದ್ದರು.

"ಅಪ್ಪಾ, ಏಳಿ. ಜನ ಮಲಗೋ ಹೊತ್ತಾಯ್ತು," ಎಂದಳು ಫಿಲೋಮಿನಾ.

"ಮಜ್ಜಿಗೆ ಕುಡಿದು ಏಳ್ತೀನಿ."

"ಬೀದಿ ಹೋಗ್ಬಿಟ್ರೆ?"

"ಹೋಗಲಿ ಬಿಡು. ನಾನು... ಎಷ್ಟು ಸಲ ಅದರ ಜೊತೆ ಹೋಗಿಲ್ಲ?"

ಮಜ್ಜಿಗೆ ಬಂತು. ಕಥೆಯಲ್ಲಿ ಮದುಮಗನಿಗೆ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ. ಬಿಸಿಲು, ಹೊಟ್ಟೆ ತುಂಬ ಊಟ, ಬಾಟಲಿಯಲ್ಲಿ ಗುಳುಗುಳು ಎನ್ನುವ ನೀರು. ನಾನು ಗೋಡೆಗೆ ಒರಗಿದ್ದು ಮಾತ್ರ ನೆನಪಿದೆ.

ಎಚ್ಚರವಾದಾಗ ಫಿಲೋಮಿನಾ ಬಾಗಿಲಲ್ಲಿ ನಿಂತಿದ್ದಳು. ಎದುರಿಗೆ ಬರಿಯ ಬಯಲು, ಎರಡು ಮೇಕೆ. "ಅಪ್ಪಾ," ಎಂದಳು, "ಮನೆ ಹೋಯ್ತು."

ಮಾಸ್ಟರು ಕುರ್ಚಿಯಲ್ಲೇ ಕಣ್ಣು ಬಿಟ್ಟರು. "ಬೀಗ ಹಾಕಿದ್ದೀ ತಾನೇ?"

"ಹಾಕಿದೀನಿ."

"ಹಾಗಾದ್ರೆ ಸರಿ."

ನಾನು ಮಾಸ್ಟರ ಪಕ್ಕದ ಸಿಲಿಂಡರಿನ ಮುಳ್ಳು ನೋಡಿದೆ, ಹಿತ್ತಿಲಲ್ಲಿ ಸಾಲಾಗಿ ನಿಂತಿದ್ದ ತುಂಬಿದ ಸಿಲಿಂಡರುಗಳನ್ನು ನೋಡಿದೆ, ಯಾರಿಗೂ ಎಲ್ಲಿಗೂ ಓಡಬೇಕಾಗಿಲ್ಲ ಎಂಬುದು ನಿಧಾನವಾಗಿ ತಲೆಗೆ ಹೋಯಿತು. ಯಜಮಾನರಿಗೆ ಮಾತ್ರ ಹೋಗಿರಲಿಲ್ಲ. ಅವರು ದಡಬಡಿಸಿ ಎದ್ದು, ಪಂಚೆ ಸರಿಮಾಡಿಕೊಂಡು, ಫೋನಿಗೆ ಓಡಿ ಮಾಸ್ಟರ ಮನೆಯ ನಂಬರು ಒತ್ತಿದರು. ಎಲ್ಲೋ ಬೀಗ ಹಾಕಿದ ಮನೆಯೊಳಗೆ, ತಾನಿರುವ ಜಾಗವನ್ನು ಹನ್ನೆರಡು ಉಪಗ್ರಹಗಳಿಂದ ಸರಿಯಾಗಿ ತಿಳಿದುಕೊಂಡು ಕೂತಿದ್ದ ಯಂತ್ರದ ಪಕ್ಕದಲ್ಲಿ, ಫೋನು ಹೊಡೆದುಕೊಳ್ಳುತ್ತಲೇ ಇತ್ತು.

"ಯಾರೂ ಎತ್ತುತ್ತಿಲ್ವಲ್ಲ!" ಎಂದರು ಯಜಮಾನರು ಗಾಬರಿಯಿಂದ ನಮ್ಮೆಲ್ಲರ ಕಡೆ ತಿರುಗಿ.

ಫಿಲೋಮಿನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಸ್ಟರಿಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮು ಬಂತು, ಕೆಮ್ಮಿನ ನಡುವೆಯೂ ನಗು ನಿಲ್ಲಲಿಲ್ಲ.

"ಅವರು ಇಲ್ಲೇ ಇದ್ದಾರೆ ಕಣ್ರೀ," ಎಂದೆ. "ಫೋನ್ ಇಡಿ, ಕಾಫಿ ಮಾಡ್ತೀನಿ."